ಎಲ್ಲವೂ ಇದ್ದೂ ಮನಸ್ಸು ಖಾಲಿ: ಎಲ್ಲಿಂದ ಆರಂಭಿಸಲಿ?

ಪ್ರಶ್ನೆ: ನನಗೆ ನಲವತ್ತೊಂದು ವರ್ಷ. ವಿಮಾ ಸಂಸ್ಥೆಯೊಂದರಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ ಕೆಲಸ. ಸಂಬಳಕ್ಕೆ ಕೊರತೆಯಿಲ್ಲ, ಆರೋಗ್ಯ ಚೆನ್ನಾಗಿದೆ, ಹೆಂಡತಿ ಮಕ್ಕಳೊಂದಿಗೆ ಜಗಳವೂ ಇಲ್ಲ. ಆದರೂ ದಿನಗಳು ನನ್ನನ್ನು ಮುಟ್ಟದೆಯೇ ಸರಿದುಹೋಗುತ್ತಿವೆ ಎನ್ನಿಸುತ್ತದೆ. ಒಂದು ವರ್ಷದಿಂದ ಬೆಳಿಗ್ಗೆ ಆ್ಯಪ್ ಹಾಕಿಕೊಂಡು ಧ್ಯಾನ ಮಾಡುತ್ತಿದ್ದೇನೆ. ರಾತ್ರಿ ಮಲಗುವ ಮುನ್ನ ಆ ದಿನದ ಸಂತೋಷಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ಬರೆದಿಡುತ್ತೇನೆ. ಐದು ದಾಟುವುದು ಅಪರೂಪ. ಕೆಲಸ ಬಿಟ್ಟು ಅರ್ಥವಿರುವ ಬೇರೇನಾದರೂ ಮಾಡಬೇಕೆಂಬ ಯೋಚನೆ ಬಲವಾಗುತ್ತಿದೆ. ಮೊಬೈಲ್‌ನಲ್ಲಿ ನೂರಾರು ಹೆಸರುಗಳಿವೆ, ಸುಮ್ಮನೆ ಕರೆ ಮಾಡಬಹುದಾದವರು ಮಾತ್ರ ಯಾರೂ ನೆನಪಾಗುವುದಿಲ್ಲ. ವರ್ತಮಾನದಲ್ಲಿ ಬದುಕುವುದು, ಅರ್ಥಪೂರ್ಣ ಕೆಲಸ, ಜನರ ಒಡನಾಟ, ಈ ಮೂರರಲ್ಲಿ ಯಾವುದರಿಂದ ಆರಂಭಿಸಲಿ? ಕೆಲಸ ಬಿಡಲೇ?

ಉತ್ತರ: ಜನರಿಂದ ಆರಂಭಿಸಿ. ಕೆಲಸ ಬಿಡುವ ತೀರ್ಮಾನವನ್ನು ಸದ್ಯಕ್ಕೆ ಮುಂದೂಡಿ. ನಿಮ್ಮ ಪತ್ರದಲ್ಲಿ ಅವಸರ ಕಾಣುತ್ತಿರುವುದರಿಂದ ಇವೆರಡನ್ನೂ ಮೊದಲೇ ಹೇಳಿಬಿಡುತ್ತಿದ್ದೇನೆ. ನೀವು ಮೂರು ಸಂಗತಿಗಳನ್ನು ಮೂರು ಬೇರೆ ಬೇರೆ ಯೋಜನೆಗಳಂತೆ ನೋಡುತ್ತಿದ್ದೀರಿ. ಗಮನಕ್ಕೆ ಬೆಳಗಿನ ಧ್ಯಾನ, ಅರ್ಥಕ್ಕೆ ಹೊಸ ಉದ್ಯೋಗ, ಒಡನಾಟಕ್ಕೆ ಇನ್ನೇನಾದರೂ. ಆಪ್ತಸಮಾಲೋಚಕಿಯಾಗಿ ನಾನು ಮತ್ತೆ ಮತ್ತೆ ಕಂಡಿರುವಂತೆ, ಈ ಮೂರೂ ಒಂದೇ ಜಾಗದಲ್ಲಿ ಕೂಡುತ್ತವೆ, ಆ ಜಾಗದಲ್ಲಿ ಇನ್ನೊಬ್ಬ ಮನುಷ್ಯ ಇರುತ್ತಾನೆ. ಗಮನವನ್ನು ಚೆನ್ನಾಗಿ ಕಲಿಯುವುದು ಎದುರಿಗಿರುವವರ ಮಾತು ಕೇಳುವಾಗ. ಕೆಲಸದ ಅರ್ಥ ಹೆಚ್ಚಿನಂಶ ಆ ಕೆಲಸದ ಇನ್ನೊಂದು ತುದಿಯಲ್ಲಿರುವ ವ್ಯಕ್ತಿಯಲ್ಲಿದೆ. ನಿಮ್ಮ ಬದುಕಿನಿಂದ ಸದ್ದಿಲ್ಲದೆ ಸರಿದುಹೋಗಿರುವುದು ಆ ವ್ಯಕ್ತಿಯೇ ಎಂದು ನನಗನ್ನಿಸುತ್ತದೆ.

ಮುಂದೆ ಹೋಗುವ ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಬೇಕು. ನೀವು ಹೇಳುವ ಖಾಲಿತನ ಖಿನ್ನತೆಯೂ ಆಗಿರಬಹುದು. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿದಿಲ್ಲವಾದರೆ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟಿದ್ದರೆ, ತಾನು ಯಾವುದಕ್ಕೂ ಬಾರದವನು ಎಂಬ ಭಾವ ಬಿಡದೆ ಕಾಡುತ್ತಿದ್ದರೆ, ಮೊದಲು ಮನೋವೈದ್ಯರನ್ನು ಕಾಣಿರಿ. ಬದುಕು ಸಾಕು ಎಂಬ ಯೋಚನೆ ಬರುತ್ತಿದ್ದರೆ ಇಂದೇ ಕಾಣಿರಿ, ಮನೆಯವರಿಗೂ ತಿಳಿಸಿ. ಖಿನ್ನತೆಗೆ ಚಿಕಿತ್ಸೆ ಇದೆ, ಅದು ಫಲ ಕೊಡುತ್ತದೆ. ನಾನು ಮುಂದೆ ಬರೆಯುವುದು ಆ ಚಿಕಿತ್ಸೆಯ ಜೊತೆಗೆ ಸಾಗಬಹುದು, ಅದರ ಬದಲಿಗೆ ಅಲ್ಲ.

ಅದಿಲ್ಲವೆಂದಾದರೆ, ಮೊದಲ ಕೆಲಸ ಆ ಅಂಕಪಟ್ಟಿಯನ್ನು ನಿಲ್ಲಿಸುವುದು. ಸಂತೋಷವನ್ನು ದಿನವೂ ಅಳೆಯುವುದು ನಿರಪಾಯಕಾರಿ ಎಂದು ಕಾಣುತ್ತದೆ, ಆದರೆ ಅಳೆಯುವಾಗ ನಾವು ಬದುಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು ನಮ್ಮನ್ನೇ ನೋಡಿಕೊಳ್ಳುತ್ತಿರುತ್ತೇವೆ. ಮನಃಶಾಸ್ತ್ರಜ್ಞೆ ಐರಿಸ್ ಮಾಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ವಿಷಯದ ಮೇಲಿದೆ. ಅದರಲ್ಲಿ ಭಾಗವಹಿಸಿದ ಮಹಿಳೆಯರ ಪೈಕಿ, ಬದುಕಿನಲ್ಲಿ ಒತ್ತಡ ಕಡಿಮೆ ಇದ್ದವರಲ್ಲಿ, ಸಂತೋಷಕ್ಕೆ ಅತಿ ಹೆಚ್ಚು ಬೆಲೆ ಕೊಡುತ್ತಿದ್ದವರೇ ಕಡಿಮೆ ಸಂತೋಷದಿಂದಿದ್ದರು. ಇದರ ವಿವರಣೆ ನಿಮಗೆ ಸರಿಹೊಂದುತ್ತದೆ. ಕಷ್ಟವಿದ್ದಾಗ ಬೇಸರಕ್ಕೆ ಹೊರಗೊಂದು ಕಾರಣವಿರುತ್ತದೆ. ಎಲ್ಲವೂ ಸರಿಯಿದ್ದಾಗ ಸಂತೋಷ ಬರದಿದ್ದರೆ ತಪ್ಪು ನನ್ನದೇ ಎಂಬ ನಿರಾಶೆ ಒಳಗೇ ತಿರುಗುತ್ತದೆ. ನೀವು ಐದು ಎಂದು ಬರೆದ ಪ್ರತಿ ರಾತ್ರಿಯೂ ನಿಮ್ಮ ಮೇಲೆ ಒಂದು ಸಣ್ಣ ತೀರ್ಪು ಬರೆದಂತೆಯೇ.

ಹಾಗೆಂದು ಸಂತೋಷ ಬಯಸುವುದೇ ತಪ್ಪೆಂದು ಭಾವಿಸಬೇಡಿ. 2015ರಲ್ಲಿ ಬ್ರೆಟ್ ಫೋರ್ಡ್ ಮತ್ತು ಸಂಗಡಿಗರು ಬೇರೆ ಬೇರೆ ದೇಶಗಳ ಜನರನ್ನು ಹೋಲಿಸಿ ನೋಡಿದರು. ಅಮೆರಿಕದವರಲ್ಲಿ ಸಂತೋಷದ ಬೆನ್ನು ಹತ್ತುವಿಕೆ ಕಡಿಮೆ ನೆಮ್ಮದಿಯೊಂದಿಗೆ ಸೇರಿಕೊಂಡಿತ್ತು. ರಷ್ಯಾ ಮತ್ತು ಪೂರ್ವ ಏಷ್ಯಾದವರಲ್ಲಿ ಅದೇ ಹಂಬಲ ಹೆಚ್ಚು ನೆಮ್ಮದಿಯೊಂದಿಗೆ ಸೇರಿಕೊಂಡಿತ್ತು. ಸಂತೋಷವನ್ನು ಹುಡುಕುವ ದಾರಿ ಬೇರೆಯವರೊಂದಿಗೆ ಬೆರೆಯುವುದು, ಅವರಿಗೆ ನೆರವಾಗುವುದು ಎಂದು ನಂಬಿದವರಿಗೆ ಹುಡುಕಾಟ ಫಲ ಕೊಟ್ಟಿತು ಎಂಬುದು ಅವರ ವಿವರಣೆ. ಇದು ನನಗೆ ಬಹಳ ಮುಖ್ಯವೆನಿಸುವ ಮಾತು. ನಿಮ್ಮ ಒಂದು ವರ್ಷದ ಪ್ರಯತ್ನವನ್ನು ಇದರ ಬೆಳಕಿನಲ್ಲಿ ನೋಡಿ: ಧ್ಯಾನ ಒಬ್ಬರೇ, ಅಂಕ ಒಬ್ಬರೇ, ಉದ್ಯೋಗದ ಬಗ್ಗೆ ಯೋಚನೆಯೂ ಒಬ್ಬರೇ.

ಈಗ ವರ್ತಮಾನದಲ್ಲಿ ಬದುಕುವ ವಿಚಾರ. ಇದರ ಹಿಂದೆ ಒಳ್ಳೆಯ ಆಧಾರವಿದೆ. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡ್ಯಾನಿಯಲ್ ಗಿಲ್ಬರ್ಟ್ 2010ರಲ್ಲಿ 2,250 ವಯಸ್ಕರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಮೊಬೈಲ್ ಮೂಲಕ ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ, ಹೇಗನ್ನಿಸುತ್ತಿದೆ? ಸುಮಾರು ಶೇ 47ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಇದ್ದಾಗ ಜನ ಕಡಿಮೆ ಸಂತೋಷದಿಂದಿದ್ದರು. ಹಿತವಾದ ವಿಷಯವನ್ನೇ ನೆನೆಯುತ್ತಿದ್ದರೂ, ಕೈಯಲ್ಲಿರುವ ಕೆಲಸದಲ್ಲಿ ಮನಸ್ಸಿಟ್ಟವರಿಗಿಂತ ಹೆಚ್ಚು ಸಂತೋಷ ಅವರಿಗಿರಲಿಲ್ಲ. ಏನು ಮಾಡುತ್ತಿದ್ದರು ಎಂಬುದಕ್ಕಿಂತ ಮನಸ್ಸು ಅಲ್ಲಿತ್ತೇ ಎಂಬುದರಿಂದಲೇ ಅವರ ಸಂತೋಷವನ್ನು ಹೆಚ್ಚು ಊಹಿಸಬಹುದಾಗಿತ್ತು.

ಮನಸ್ಸು ಅಲೆಯುವುದು ರೋಗವಲ್ಲ. ನಾಳೆಯ ಯೋಜನೆ, ಹಳೆಯ ನೆನಪು, ಹೊಸ ಉಪಾಯ ಎಲ್ಲವೂ ಆ ಅಲೆದಾಟದಿಂದಲೇ ಬರುತ್ತವೆ. ಅದನ್ನು ಕಟ್ಟಿಹಾಕಲು ಹೊರಟವರು ದಣಿಯುತ್ತಾರೆ. ಬೇಕಾದಾಗ ಅದನ್ನು ಮರಳಿ ಕರೆತರುವ ಅಭ್ಯಾಸವಿದ್ದರೆ ಸಾಕು. ಇಂದು ಆ್ಯಪ್‌ಗಳಲ್ಲಿ ಸಿಗುವ ಗಮನಧ್ಯಾನದ ಬಹುಪಾಲಿಗೆ ಮೂಲ 1979ರಲ್ಲಿ ಜಾನ್ ಕಬಟ್‌-ಝಿನ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಆರಂಭಿಸಿದ ತರಬೇತಿ. ಎಂಟು ವಾರಗಳ ಆ ತರಬೇತಿ ಗುಂಪಿನಲ್ಲಿ ನಡೆಯುತ್ತದೆ. ಜನ ಒಟ್ಟಿಗೆ ಕೂರುತ್ತಾರೆ, ತಮಗೇನಾಯಿತು ಎಂದು ಹೇಳಿಕೊಳ್ಳುತ್ತಾರೆ, ಇನ್ನೊಬ್ಬರ ಮಾತಿಗೆ ಕಿವಿಗೊಡುತ್ತಾರೆ. ಆ್ಯಪ್‌ಗೆ ಬರುವಾಗ ಉಸಿರಾಟದ ಪಾಠ ಉಳಿಯಿತು, ಪಕ್ಕದಲ್ಲಿ ಕೂರುವ ಜನ ಕಳಚಿಹೋದರು.

ಆದ್ದರಿಂದ ನಿಮ್ಮ ಅಭ್ಯಾಸದ ಜಾಗವನ್ನು ಬದಲಿಸಿ ಎನ್ನುತ್ತೇನೆ. ದಿನಕ್ಕೊಮ್ಮೆ ಒಬ್ಬರು ನಿಮ್ಮೊಂದಿಗೆ ಮಾತನಾಡುವಾಗ ಮೊಬೈಲನ್ನು ಕಣ್ಣಿಗೆ ಬೀಳದಲ್ಲಿ ಇಟ್ಟು, ಮುಖಕೊಟ್ಟು ಕೇಳಿ. ಸ್ವಲ್ಪ ಹೊತ್ತಿನಲ್ಲೇ ನಿಮ್ಮ ಮನಸ್ಸು ಉತ್ತರವನ್ನು ಸಿದ್ಧಪಡಿಸತೊಡಗುತ್ತದೆ, ಇಲ್ಲವೇ ಪರಿಹಾರ ಸೂಚಿಸಲು ಹವಣಿಸುತ್ತದೆ, ಇಲ್ಲವೇ ನಿಮ್ಮದೇ ಅನುಭವವನ್ನು ಮುಂದಿಡಲು ಕಾಯುತ್ತದೆ. ಅದನ್ನು ಗಮನಿಸಿ, ಮತ್ತೆ ಅವರ ಮಾತಿಗೆ ಮರಳಿ. ಉಸಿರನ್ನು ಗಮನಿಸುವಾಗ ಮಾಡುವುದೂ ಇದನ್ನೇ, ಆದರೆ ಇಲ್ಲಿ ಗಮನದ ಲಾಭ ಇಬ್ಬರಿಗೆ. ಅವರು ಹೇಳಿದ್ದರಿಂದಲೇ ಹುಟ್ಟಿದ ಒಂದು ಪ್ರಶ್ನೆ ಕೇಳಿ. ಕರೆನ್ ಹುವಾಂಗ್ ಮತ್ತು ಸಂಗಡಿಗರು 2017ರಲ್ಲಿ ಅಪರಿಚಿತರ ಸಂಭಾಷಣೆಗಳನ್ನು ವಿಶ್ಲೇಷಿಸಿದಾಗ, ಹೆಚ್ಚು ಪ್ರಶ್ನೆ ಕೇಳಿದವರನ್ನು, ಅದರಲ್ಲೂ ಮಾತಿನ ಎಳೆ ಹಿಡಿದು ಕೇಳಿದವರನ್ನು ಎದುರಿನವರು ಹೆಚ್ಚು ಇಷ್ಟಪಟ್ಟರು. ಕಾರಣ ಸರಳ: ಕಿವಿಗೊಡದೆ ಅಂಥ ಪ್ರಶ್ನೆ ಕೇಳಲಾಗುವುದಿಲ್ಲ. ಮೊದಲು ಮನೆಯವರೊಂದಿಗೇ ಆರಂಭಿಸಿ. ಜಗಳವಿಲ್ಲ ಎಂದು ಬರೆದಿದ್ದೀರಿ, ಮಾತುಕತೆ ಇದೆಯೇ ಎಂದು ಬರೆದಿಲ್ಲ. ಶುಲ್ಕ ಕಟ್ಟಿಯಾಯಿತೇ, ನಾಳೆ ಎಷ್ಟು ಗಂಟೆಗೆ ಹೊರಡುವುದು ಎಂಬಂಥ ವ್ಯವಹಾರದ ಮಾತುಗಳೇ ಸಂಸಾರದ ಇಡೀ ಸಂಭಾಷಣೆಯಾಗಿಬಿಟ್ಟಿರುವ ಎಷ್ಟೋ ದಂಪತಿಗಳು ನನ್ನ ಬಳಿ ಬರುತ್ತಾರೆ. ಅವರಲ್ಲಿ ಪ್ರೀತಿ ಕಡಿಮೆಯಾಗಿರುವುದಿಲ್ಲ, ಒಬ್ಬರ ಬಗ್ಗೆ ಇನ್ನೊಬ್ಬರ ಕುತೂಹಲ ಕಡಿಮೆಯಾಗಿರುತ್ತದೆ.

ಕೆಲಸದ ವಿಷಯಕ್ಕೆ ಬರುತ್ತೇನೆ. ದೂರದ ಬೆಟ್ಟ ನುಣ್ಣಗೆ ಎಂಬುದು ಉದ್ಯೋಗದ ವಿಷಯದಲ್ಲಿ ಬಹಳ ನಿಜ. ಅರ್ಥಪೂರ್ಣ ಕೆಲಸ ಎಂದರೆ ಶಿಕ್ಷಣ, ವೈದ್ಯಕೀಯ, ಕಲೆ, ಸಮಾಜಸೇವೆ ಎಂದು ನಾವು ಪಟ್ಟಿ ಮಾಡಿಕೊಂಡಿರುತ್ತೇವೆ. ಆ ಪಟ್ಟಿಯಲ್ಲಿರುವ ವೃತ್ತಿಯವರೂ ಇದೇ ಖಾಲಿತನ ಹೊತ್ತು ನನ್ನೆದುರು ಕೂರುತ್ತಾರೆ. ಇನ್ನೊಂದೆಡೆ, ಏಮಿ ರೆಜ್‌ನೆಸ್ಕಿ ಮತ್ತು ಜೇನ್ ಡಟನ್ ಆಸ್ಪತ್ರೆಯೊಂದರ ಸ್ವಚ್ಛತಾ ಸಿಬ್ಬಂದಿಯನ್ನು ಮಾತನಾಡಿಸಿದಾಗ ಒಂದೇ ಕೆಲಸದಲ್ಲಿದ್ದವರು ಅದನ್ನು ಎರಡು ಬಗೆಯಲ್ಲಿ ವಿವರಿಸಿದರು. ಕೆಲವರು ಗುಡಿಸುವುದು, ಒರೆಸುವುದು ಎಂದಷ್ಟೇ ಹೇಳಿದರು. ಇನ್ನು ಕೆಲವರು ರೋಗಿಗಳನ್ನೂ ಅವರನ್ನು ನೋಡಲು ಬಂದವರನ್ನೂ ಮಾತನಾಡಿಸುತ್ತಿದ್ದರು, ದಾದಿಯರಿಗೆ ಅನುಕೂಲವಾಗುವಂತೆ ಕೆಲಸ ಹೊಂದಿಸಿಕೊಳ್ಳುತ್ತಿದ್ದರು, ರೋಗಿ ಗುಣವಾಗುವುದರಲ್ಲಿ ತಮ್ಮ ಪಾಲೂ ಇದೆ ಎಂದು ತಿಳಿದಿದ್ದರು. ಅವರ ನೇಮಕಪತ್ರದಲ್ಲಿ ಇದೊಂದೂ ಇರಲಿಲ್ಲ. ತಮ್ಮ ಕೆಲಸವನ್ನು ಒಳಗಿನಿಂದಲೇ ಹೀಗೆ ತಿದ್ದಿಕೊಳ್ಳುವುದರ ಬಗ್ಗೆ ಆ ಇಬ್ಬರು 2001ರಲ್ಲಿ ಬರೆದ ಪ್ರಬಂಧ ಇಂದಿಗೂ ಈ ಕ್ಷೇತ್ರದಲ್ಲಿ ಮುಖ್ಯವಾಗಿದೆ.

ನಿಮಗೆ ಇನ್ನೂ ಹತ್ತಿರದ ಉದಾಹರಣೆ ಆಡಮ್ ಗ್ರಾಂಟ್ ಮತ್ತು ಸಂಗಡಿಗರ 2007ರ ಪ್ರಯೋಗ. ಅದರಲ್ಲಿ ಭಾಗವಹಿಸಿದವರು ವಿಶ್ವವಿದ್ಯಾಲಯವೊಂದಕ್ಕೆ ದೂರವಾಣಿಯಲ್ಲಿ ದೇಣಿಗೆ ಕೇಳುವ ಸಿಬ್ಬಂದಿ. ದಿನವಿಡೀ ನಿರಾಕರಣೆ ಕೇಳುವ ಕೆಲಸ. ಅವರಲ್ಲಿ ಒಂದು ಗುಂಪಿಗೆ, ಆ ದೇಣಿಗೆಯಿಂದ ವಿದ್ಯಾರ್ಥಿವೇತನ ಪಡೆದ ವಿದ್ಯಾರ್ಥಿಯೊಬ್ಬರನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದರು. ಒಂದು ತಿಂಗಳ ನಂತರ ನೋಡಿದಾಗ ಆ ಗುಂಪಿನವರು ಕರೆಗಳಲ್ಲಿ ಕಳೆಯುವ ಸಮಯವೂ ಸಂಗ್ರಹಿಸುವ ಹಣವೂ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಕೆಲಸ ಅದೇ, ಸಂಬಳ ಅದೇ, ಮೇಲಧಿಕಾರಿಯೂ ಅದೇ. ತಮ್ಮ ದುಡಿಮೆ ಯಾರಿಗೆ ತಲುಪುತ್ತಿದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ನಿಮ್ಮ ಮೇಜಿನ ಮೇಲೆ ಬರುವ ಕಡತಗಳನ್ನು ಯೋಚಿಸಿ. ವಿಮಾ ಪರಿಹಾರದ ಅರ್ಜಿ ಹಾಕುವವರು ಬಹುಮಟ್ಟಿಗೆ ತಮ್ಮ ಬದುಕಿನ ಅತ್ಯಂತ ಕೆಟ್ಟ ತಿಂಗಳಿನಲ್ಲಿರುತ್ತಾರೆ. ಸಾವು, ಅಪಘಾತ, ಶಸ್ತ್ರಚಿಕಿತ್ಸೆ, ಬೆಂಕಿ. ಅವರಿಗೆ ಅರ್ಥವಾಗದ ನಮೂನೆಯೊಂದು ಸಿಕ್ಕಿರುತ್ತದೆ, ಒಂದು ದಾಖಲೆ ಕಡಿಮೆಯಾಗಿ ಕಡತ ನಿಂತಿರುತ್ತದೆ, ಏಕೆ ನಿಂತಿದೆ ಎಂದು ಹೇಳುವವರಿರುವುದಿಲ್ಲ. ನಿಮ್ಮ ಸ್ಥಾನದಲ್ಲಿರುವವರು ಎಲ್ಲ ಅರ್ಜಿಗಳನ್ನೂ ಮಂಜೂರು ಮಾಡಲಾಗದು, ಮಾಡಲೂಬಾರದು. ಆದರೆ ನಿರಾಕರಣೆಯ ಕಾರಣವನ್ನು ಓದುವವರಿಗೆ ತಿಳಿಯುವ ಭಾಷೆಯಲ್ಲಿ ಬರೆಯಬಹುದು. ಕಡಿಮೆಯಿರುವ ದಾಖಲೆ ಯಾವುದು, ಎಲ್ಲಿ ಸಿಗುತ್ತದೆ ಎಂದು ಒಂದು ಸಾಲು ಸೇರಿಸಬಹುದು. ಮೇಲ್ಮನವಿಗೆ ಅವಕಾಶವಿದ್ದರೆ ಅದನ್ನು ಎದ್ದು ಕಾಣುವಂತೆ ತಿಳಿಸಬಹುದು. ಸಂಸ್ಥೆಯ ನಿಯಮ ಒಪ್ಪಿದರೆ ವಾರಕ್ಕೊಬ್ಬ ಅರ್ಜಿದಾರರೊಂದಿಗೆ ನೀವೇ ಮಾತನಾಡಬಹುದು. ಒಪ್ಪದಿದ್ದರೆ, ಗ್ರಾಹಕರೊಂದಿಗೆ ಮಾತನಾಡುವ ವಿಭಾಗದ ಸಹೋದ್ಯೋಗಿಯನ್ನು ಕೇಳಿ, ನೀವು ತೀರ್ಮಾನಿಸಿದ ಕಡತಗಳ ಮುಂದಿನ ಕಥೆ ಏನಾಯಿತೆಂದು. ಇದು ಕೆಲಸವನ್ನು ಸಿಹಿಯಾಗಿ ಕಲ್ಪಿಸಿಕೊಳ್ಳುವ ತಂತ್ರವಲ್ಲ. ನಿಮ್ಮ ಕೆಲಸದಲ್ಲಿ ಆ ಮನುಷ್ಯರು ಮೊದಲಿನಿಂದಲೂ ಇದ್ದಾರೆ. ಕಡತದ ಸಂಖ್ಯೆ ಅವರನ್ನು ಮರೆಮಾಡಿದೆ.

ಇದಕ್ಕೂ ಒಂದು ಮಿತಿ ಇದೆ, ಅದನ್ನು ಒತ್ತಿ ಹೇಳುತ್ತೇನೆ. ವಿಪರೀತ ಕೆಲಸದ ಹೊರೆ, ಅವಮಾನ, ಮನಸ್ಸಾಕ್ಷಿಗೆ ವಿರುದ್ಧವಾದ ಆದೇಶಗಳು, ಇವಕ್ಕೆ ಅರ್ಥ ಹುಡುಕಿಕೊಳ್ಳುವುದು ಮದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕಾರಗೊಂಡ ತನ್ನ ರೋಗವರ್ಗೀಕರಣದಲ್ಲಿ ಬರ್ನ್‌ಔಟ್ ಅನ್ನು ವಿವರಿಸುವಾಗ, ಸರಿಯಾಗಿ ನಿಭಾಯಿಸದೆ ಉಳಿದ ಕೆಲಸದ ಜಾಗದ ದೀರ್ಘಕಾಲದ ಒತ್ತಡದ ಫಲ ಎಂದಿದೆ. ಬಳಲಿಕೆ, ಕೆಲಸದಿಂದ ಮಾನಸಿಕವಾಗಿ ದೂರವಾಗುವುದು, ಕಾರ್ಯಕ್ಷಮತೆ ಕುಗ್ಗುವುದು ಅದರ ಮೂರು ಗುರುತುಗಳು. ಅದನ್ನು ವೈದ್ಯಕೀಯ ಕಾಯಿಲೆ ಎಂದು ಕರೆಯದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದೇ ಕರೆದಿದೆ. ಕೆಟ್ಟ ಜಾಗದಲ್ಲಿ ಇರುವವರಿಗೆ ನಿಮ್ಮ ದೃಷ್ಟಿಕೋನ ಬದಲಿಸಿಕೊಳ್ಳಿ ಎನ್ನುವುದು ಅನ್ಯಾಯ. ನಿಮ್ಮ ಪತ್ರದಲ್ಲಿ ಅಂಥ ದೂರು ಕಾಣಲಿಲ್ಲ, ಆದ್ದರಿಂದ ಈ ದಾರಿಯನ್ನು ಸೂಚಿಸುತ್ತಿದ್ದೇನೆ.

ಎಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು, ಸುಮ್ಮನೆ ಕರೆ ಮಾಡಬಹುದಾದವರು ಯಾರೂ ನೆನಪಾಗುವುದಿಲ್ಲ ಎಂಬ ನಿಮ್ಮ ಸಾಲು. ಅದನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ. ನಾನಾಗಿದ್ದರೆ ಮೊದಲ ಸಾಲಿನಲ್ಲಿ ಇಡುತ್ತಿದ್ದೆ. ಜೂಲಿಯಾನ್ ಹೋಲ್ಟ್-ಲನ್‌ಸ್ಟಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು; ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಅದರಲ್ಲಿತ್ತು. ಗಟ್ಟಿಯಾದ ಸಾಮಾಜಿಕ ಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಂಭವ ಉಳಿದವರಿಗಿಂತ ಶೇ 50ರಷ್ಟು ಹೆಚ್ಚಿತ್ತು. 1938ರಲ್ಲಿ ಆರಂಭವಾಗಿ ಇಂದಿಗೂ ಮುಂದುವರಿದಿರುವ ಹಾರ್ವರ್ಡ್‌ನ ವಯಸ್ಕ ಜೀವನದ ಅಧ್ಯಯನವೂ ಇದೇ ದಿಕ್ಕನ್ನು ತೋರಿಸುತ್ತದೆ. ಐವತ್ತರ ವಯಸ್ಸಿನಲ್ಲಿ ತಮ್ಮ ಸಂಬಂಧಗಳ ಬಗ್ಗೆ ಹೆಚ್ಚು ತೃಪ್ತಿಯಿದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯದಿಂದಿದ್ದರು. ಅದನ್ನು ಮುಂಚಿತವಾಗಿ ಹೇಳಲು ಕೊಲೆಸ್ಟರಾಲ್ ಮಟ್ಟಕ್ಕಿಂತ ಈ ತೃಪ್ತಿಯೇ ಹೆಚ್ಚು ಉಪಯುಕ್ತವಾಗಿತ್ತು ಎಂದು ಅಧ್ಯಯನದ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಹೇಳುತ್ತಾರೆ. ನಿಮಗೆ ಈಗ ನಲವತ್ತೊಂದು. ಸಮಯ ಧಾರಾಳವಾಗಿದೆ.

ಗೆಳೆತನಗಳು ಜಗಳದಿಂದ ಮುರಿಯುವುದು ಕಡಿಮೆ. ಒಬ್ಬರು ಊರು ಬದಲಿಸುತ್ತಾರೆ, ಇನ್ನೊಬ್ಬರಿಗೆ ಮಗುವಾಗುತ್ತದೆ, ಒಂದು ಕರೆ ಬಾಕಿ ಉಳಿಯುತ್ತದೆ. ಬಾಕಿ ಬೆಳೆದಷ್ಟೂ ಸಂಕೋಚ ಬೆಳೆಯುತ್ತದೆ. ಒಂಟಿತನದ ಬಗ್ಗೆ ದಶಕಗಳ ಕಾಲ ಸಂಶೋಧನೆ ಮಾಡಿದ ಜಾನ್ ಕ್ಯಾಸಿಯೊಪ್ಪೊ ಒಂದು ಮುಖ್ಯ ಸಂಗತಿಯನ್ನು ಗುರುತಿಸಿದರು: ಒಂಟಿತನ ಮನಸ್ಸನ್ನು ಕಾವಲುಗಾರನನ್ನಾಗಿ ಮಾಡುತ್ತದೆ. ತಿರಸ್ಕಾರದ ಸುಳಿವಿಗಾಗಿ ಅದು ಹೊಂಚುತ್ತಿರುತ್ತದೆ. ಸಂದೇಶಕ್ಕೆ ಉತ್ತರ ತಡವಾದರೆ ಅವರಿಗೆ ನಾನು ಬೇಡವಾಗಿದ್ದೇನೆ ಎಂದು ಓದುತ್ತದೆ, ಆಮೇಲೆ ತಾನೇ ಹಿಂದೆ ಸರಿಯುತ್ತದೆ. ಒಂಟಿತನವನ್ನು ಕಡಿಮೆ ಮಾಡುವ ಪ್ರಯತ್ನಗಳನ್ನು 2011ರಲ್ಲಿ ಹೋಲಿಸಿ ನೋಡಿದಾಗ, ಬರೀ ಜನರನ್ನು ಭೇಟಿ ಮಾಡಿಸುವುದಕ್ಕಿಂತ ಈ ತಪ್ಪು ಓದನ್ನು ತಿದ್ದುವ ವಿಧಾನವೇ ಹೆಚ್ಚು ಫಲಕಾರಿಯಾಗಿ ಕಂಡಿತು. ಅಂದರೆ, ಕರೆ ಮಾಡಲು ಯಾರೂ ಇಲ್ಲ ಎಂದು ನಿಮ್ಮ ಮನಸ್ಸು ಹೇಳುವಾಗ ಅದು ವರದಿ ಕೊಡುತ್ತಿದೆಯೇ ಅಥವಾ ಹೆದರುತ್ತಿದೆಯೇ ಎಂದು ಕೇಳಿಕೊಳ್ಳಬೇಕು.

ನಾನು ಕೇಳಿಕೊಳ್ಳುವುದಿಷ್ಟು. ಆ ನೂರಾರು ಹೆಸರುಗಳಲ್ಲಿ ಒಂದು ಕಾಲಕ್ಕೆ ನೀವು ಗಂಟೆಗಟ್ಟಲೆ ಹರಟಿದ್ದ ಮೂವರನ್ನು ಆರಿಸಿ. ಅವರಿಗೆ ಶುಭಾಶಯದ ಚಿತ್ರ ಕಳುಹಿಸಬೇಡಿ, ಕರೆ ಮಾಡಿ. 2021ರಲ್ಲಿ ಪ್ರಕಟವಾದ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅವರ ಅಧ್ಯಯನದಲ್ಲಿ, ಹಳೆಯ ಪರಿಚಿತರೊಂದಿಗೆ ಮಾತನಾಡುವುದು ಇಮೇಲ್‌ಗಿಂತ ಮುಜುಗರದ್ದೆಂದು ಜನ ಭಾವಿಸಿದ್ದರು. ನಿಜವಾಗಿ ಕರೆ ಮಾಡಿದಾಗ ಮುಜುಗರ ಹೆಚ್ಚಾಗಲಿಲ್ಲ, ಆತ್ಮೀಯತೆ ಹೆಚ್ಚಿತು. ಏನು ಹೇಳುವುದೆಂಬ ಚಿಂತೆ ಬೇಡ. “ನಿನ್ನ ನೆನಪಾಯಿತು, ಇಷ್ಟು ದಿನ ಕರೆ ಮಾಡದೆ ಇದ್ದುಬಿಟ್ಟೆ, ಹೇಗಿದ್ದೀಯಾ?” ಎಂದರೆ ಸಾಕು. ತಡವಾದುದಕ್ಕೆ ಉದ್ದದ ಸಮಜಾಯಿಷಿ ಕೊಡಬೇಡಿ, ಅದರಿಂದ ಎದುರಿನವರೂ ತಮ್ಮ ಲೆಕ್ಕ ಒಪ್ಪಿಸಬೇಕಾಗುತ್ತದೆ. ಮೂವರಲ್ಲಿ ಒಬ್ಬರು ಬಿಡುವಿಲ್ಲ ಎನ್ನಬಹುದು. ಒಬ್ಬರ ಮಾತು ಬೇಗನೆ ಬತ್ತಬಹುದು. ಮೂರನೆಯವರೊಂದಿಗೆ ಎಳೆ ಹತ್ತಿಕೊಂಡರೆ, ಮಾತು ಮುಗಿಯುವ ಮೊದಲೇ ಮುಂದಿನ ಭೇಟಿಯ ದಿನ ಗೊತ್ತುಮಾಡಿಕೊಳ್ಳಿ. ಯಾವತ್ತಾದರೂ ಸಿಗೋಣ ಎಂದವರು ಸಿಗುವುದು ಕಡಿಮೆ.

ಹೊಸ ಗೆಳೆತನಕ್ಕೆ ತಾಳ್ಮೆ ಬೇಕು. ಜೆಫ್ರಿ ಹಾಲ್ 2018ರಲ್ಲಿ ಅಂದಾಜಿಸಿದಂತೆ ಪರಿಚಯ ಸಾಧಾರಣ ಗೆಳೆತನವಾಗಲು ಒಟ್ಟಿಗೆ ಕಳೆದ ಸುಮಾರು 50 ಗಂಟೆ ಬೇಕು, ಆಪ್ತ ಗೆಳೆತನಕ್ಕೆ 200 ಗಂಟೆಗೂ ಹೆಚ್ಚು. ಕಚೇರಿಯಲ್ಲಿ ಅಕ್ಕಪಕ್ಕ ಕೂತು ದುಡಿದ ಸಮಯ ಇದಕ್ಕೆ ಅಷ್ಟಾಗಿ ನೆರವಾಗುವುದಿಲ್ಲ. ಹರಟೆ, ಆಟ, ಒಟ್ಟಿಗೆ ಕಳೆದ ಬಿಡುವು ನೆರವಾಗುತ್ತದೆ. ಆದ್ದರಿಂದ ಅದೇ ಜನ ಪ್ರತಿ ವಾರ ಸೇರುವ ಜಾಗವೊಂದನ್ನು ಹುಡುಕಿಕೊಳ್ಳಿ. ಹಾಡು, ನಡಿಗೆ, ಓದು, ಆಟ, ಸೇವೆ ಯಾವುದಾದರೂ ಆದೀತು. ವಿಷಯಕ್ಕಿಂತ ಮರುಕಳಿಕೆ ಮುಖ್ಯ. ಒಂದೆರಡು ಸಲ ಹೋಗಿ ಯಾರೂ ಹತ್ತಿರವಾಗಲಿಲ್ಲ ಎಂದು ಬಿಟ್ಟುಬಿಡುವವರೇ ಹೆಚ್ಚು. ಸ್ವಭಾವತಃ ಮಿತಭಾಷಿಯಾಗಿದ್ದರೂ ಅಡ್ಡಿಯಿಲ್ಲ, ನಿಮಗೆ ಬೇಕಿರುವುದು ದೊಡ್ಡ ಬಳಗವಲ್ಲ.

ಕೊನೆಗೆ ರಾಜೀನಾಮೆ. ಆರು ತಿಂಗಳು ಕಾಯಿರಿ ಎನ್ನುತ್ತೇನೆ. ಖಾಲಿತನದ ನಡುವೆ ಕೂತು ಮಾಡಿದ ತೀರ್ಮಾನ ಏನನ್ನೋ ಬಿಟ್ಟು ಓಡುವ ತೀರ್ಮಾನವಾಗಿರುತ್ತದೆ. ಒಬ್ಬಿಬ್ಬರೊಂದಿಗೆ ಮನಸ್ಸು ಬಿಚ್ಚಿ ಮಾತನಾಡುವಂತಾದ ಮೇಲೆ, ಕಡತಗಳ ಹಿಂದಿನ ಕೆಲವು ಮುಖಗಳನ್ನಾದರೂ ಕಂಡ ಮೇಲೆ, ಮತ್ತೆ ಅದೇ ಪ್ರಶ್ನೆಯನ್ನು ಎತ್ತಿಕೊಳ್ಳಿ. ಆಗಲೂ ಬಿಡಬೇಕೆನಿಸಿದರೆ ಬಿಡುವುದರಲ್ಲಿ ತಪ್ಪಿಲ್ಲ, ಆದರೆ ಮೂರು ಕೆಲಸ ಮಾಡಿ ಬಿಡಿ. ಹೋಗಬೇಕೆಂದಿರುವ ವೃತ್ತಿಯಲ್ಲಿ ಈಗಾಗಲೇ ಇರುವ ಇಬ್ಬರೊಂದಿಗೆ ಕೂತು ಅವರ ಸಾಮಾನ್ಯ ದಿನ ಹೇಗಿರುತ್ತದೆ ಎಂದು ಕೇಳಿ. ರಜೆಯ ದಿನಗಳಲ್ಲಿ ಆ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿ. ಹೆಂಡತಿಯೊಂದಿಗೆ ಮನೆಯ ಖರ್ಚಿನ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಮುಂದಿಟ್ಟುಕೊಂಡು ಮಾತನಾಡಿ. ಇದುವರೆಗೆ ಈ ಯೋಚನೆಯನ್ನು ಅವರಿಗೆ ಹೇಳಿರುವ ಸೂಚನೆ ನಿಮ್ಮ ಪತ್ರದಲ್ಲಿಲ್ಲ. ಆ ಮಾತನ್ನು ಆರು ತಿಂಗಳು ಮುಂದೂಡಬೇಡಿ, ಈ ವಾರವೇ ಆಡಿ. ಧ್ಯಾನದಿಂದ ನಿಮಗೆ ಹಿತವಾಗುತ್ತಿದ್ದರೆ ಅದನ್ನೂ ಮುಂದುವರಿಸಿ, ಸಾಧ್ಯವಾದರೆ ಒಬ್ಬರ ಜೊತೆಗೆ ಕೂತು.